ಹಳೇ ಟೈರ್ ಮಾರುವ ಮುನ್ನ ಅದರ ಒಳಮೈ ನೋಡಿದ್ದೀರಾ?

ಬ್ರಿಟನ್ನಿನಲ್ಲಿ ಬಳಸಿದ ಕಾರ್ ಟೈರ್ ಮಾರಲು ಅಡ್ಡಿಯಿಲ್ಲ. ಆದರೆ 1994ರ ಮೋಟಾರು ವಾಹನ ಟೈರ್ ಸುರಕ್ಷತಾ ನಿಯಮಗಳ ಷರತ್ತುಗಳನ್ನು ಓದಿದರೆ, ಬರೀ ಡೆಪ್ತ್ ಗೇಜ್ (ಆಳ ಅಳೆಯುವ ಸಾಧನ) ಹಿಡಿದು ಟೈರ್ ಪಾಸು ಮಾಡುವವರು ಅರ್ಧ ಕೆಲಸವನ್ನೂ ಮಾಡಿಲ್ಲ ಅನ್ನುವುದು ಗೊತ್ತಾಗುತ್ತದೆ.

ಮೊದಲು ಆ ಗೇಜಿನ ಲೆಕ್ಕವನ್ನೇ ನೋಡೋಣ. ರಸ್ತೆಯಲ್ಲಿ ಓಡುವ ಕಾರಿನ ಟೈರಿಗೆ ಟ್ರೆಡ್ (ರಸ್ತೆಗೆ ತಾಗುವ, ಕಾಲುವೆಗಳಿರುವ ಮೈ) ಅಗಲದ ನಡುವಿನ ಮುಕ್ಕಾಲು ಭಾಗದಲ್ಲಿ, ಸುತ್ತಲೂ 1.6 ಮಿ.ಮೀ. ಆಳ ಇದ್ದರೆ ಸಾಕು. ಮಾರಾಟಕ್ಕಿಟ್ಟ ಹಳೇ ಟೈರಿಗೆ ಕನಿಷ್ಠ 2 ಮಿ.ಮೀ. ಬೇಕು, ಅದೂ ಟ್ರೆಡ್‌ನ ಈ ಅಂಚಿನಿಂದ ಆ ಅಂಚಿನವರೆಗೆ. ಹೊಸ ಟೈರಿನಲ್ಲಿ ಸುಮಾರು 8 ಮಿ.ಮೀ. ಇರುತ್ತದೆ, 1.6ಕ್ಕೆ ಇಳಿಯುವವರೆಗೆ ಸವೆಸಲು 6.4 ಸಿಕ್ಕಿತು. 2 ಮಿ.ಮೀ. ಟೈರ್ ಕೊಂಡವರಿಗೆ ಸಿಗುವುದು ಬರೀ 0.4. ಅಗ್ಗಕ್ಕೆ ಸಿಕ್ಕಿತು ಅನ್ನುವ ಮೊದಲು ಬೆಲೆಯನ್ನು ಇದರಿಂದ ಭಾಗಿಸಿ ನೋಡಿ.

ಅಳೆಯುವಾಗ ಗೇಜಿನ ಕಡ್ಡಿ ಕಾಲುವೆಯ ತಳದಲ್ಲಿರುವ ಸವೆತದ ಗುರುತಿನ ದಿಬ್ಬದ ಮೇಲೆ ಕೂರಬಾರದು. ಒಳ ಅಂಚು, ನಡು, ಹೊರ ಅಂಚು, ಮೂರೂ ಕಡೆ ಅಳೆದು, ಟೈರ್ ತಿರುಗಿಸಿ ಮತ್ತೆ ಮೂರು ನಾಲ್ಕು ಜಾಗದಲ್ಲಿ ಅಳೆಯಬೇಕು. ವೀಲ್ ಅಲೈನ್‌ಮೆಂಟ್ ಕೆಟ್ಟ ಕಾರಿನಿಂದ ಬಿಚ್ಚಿದ ಟೈರ್ ನಡುವೆ 4 ಮಿ.ಮೀ. ತೋರಿಸಿ, ಒಳ ಅಂಚಿನಲ್ಲಿ ಬೋಳಾಗಿರುವುದು ಮಾಮೂಲು.

ಇನ್ನು ಕೊಯ್ತ. 25 ಮಿ.ಮೀ. ಅಥವಾ ಟೈರ್ ಅಗಲದ ಶೇ. 10, ಇವೆರಡರಲ್ಲಿ ಯಾವುದು ದೊಡ್ಡದೋ ಅದನ್ನು ಮೀರಿದ, ಒಳಗಿನ ನೂಲಿನ ಪದರ ಮುಟ್ಟುವಷ್ಟು ಆಳದ ಕೊಯ್ತ ಇರುವಂತಿಲ್ಲ. 195 ಮಿ.ಮೀ. ಅಗಲದ ಟೈರಿಗೆ ಶೇ. 10 ಅಂದರೆ 19.5, ಹಾಗಾಗಿ ಮಿತಿ 25. 275ರ ಟೈರಿಗೆ 27.5. ನೂಲು ಹೊರಗೆ ಕಂಡರಂತೂ ಅಳತೆಯ ಮಾತೇ ಇಲ್ಲ, ತೆಗೆದು ಆಚೆ ಇಡಬೇಕು. ಒಳಗೆ ಕಂಡರೂ ಅಷ್ಟೇ.

ಈ 'ಒಳಗೆ' ಅನ್ನುವಲ್ಲೇ ಹೆಚ್ಚಿನವರು ಎಡವುವುದು. ರಿಮ್ಮಿನಿಂದ ಬಿಚ್ಚದೆ ಒಳಮೈ ಕಾಣುವುದಿಲ್ಲ. ಬಿಚ್ಚಿ, ಟಾರ್ಚ್ ಹಾಕಿ, ಸೈಡ್‌ವಾಲ್‌ನ (ಟೈರಿನ ಪಕ್ಕದ ಗೋಡೆಯ) ಒಳಬದಿಯಲ್ಲಿ ಬೆರಳಾಡಿಸಿ. ಗಾಳಿ ಕಮ್ಮಿಯಿದ್ದಾಗ ಓಡಿಸಿದ ಟೈರಿನಲ್ಲಿ ಸುತ್ತಲೂ ಸುಕ್ಕುಗಟ್ಟಿದ ಒಂದು ಪಟ್ಟಿ ಸಿಗುತ್ತದೆ, ಬೆರಳಿಗೆ ರಬ್ಬರಿನ ಕರಿ ಪುಡಿ ಅಂಟುತ್ತದೆ. ಮಡಿಚಿ ಮಡಿಚಿ ಬಿಸಿಯಾದ ಸೈಡ್‌ವಾಲ್ ತನ್ನನ್ನು ತಾನೇ ತೇಯ್ದುಕೊಂಡ ಗುರುತು ಅದು. ಹೊರಗೆ ಫಳಫಳ ಹೊಳೆಯುತ್ತಿದ್ದರೂ ಅದು ಗುಜರಿಗೇ.

ಮುಂದಿನದು ಗಾಳಿ. ಟೈರಿಗೆ ನಿಗದಿಯಾದ ಗರಿಷ್ಠ ಒತ್ತಡಕ್ಕೆ ಗಾಳಿ ತುಂಬಿದಾಗಲೂ ಹೊರಮೈಯಲ್ಲಿ ಕೊಯ್ತ, ನೂಲು, ಉಬ್ಬು ಇಂಥ ದೋಷಗಳು ಕಾಣಬಾರದು. ಗಾಳಿಯಿಲ್ಲದೆ ರಾಶಿ ಹಾಕಿದ ಟೈರಿನಲ್ಲಿ ಉಬ್ಬು ಹುಡುಕಿದರೆ ಸಿಗುವುದಿಲ್ಲ; ನೂಲು ಕಡಿದಿದ್ದರೆ ಒತ್ತಡ ಬಿದ್ದಾಗಲೇ ಆ ಜಾಗ ಆಚೆ ಬರುವುದು. ರಿಮ್ಮಿನಿಂದ ಟ್ರೆಡ್ ಕಡೆಗೆ ನೇರವಾಗಿ ಸಾಗುವ ಸಣ್ಣ ತಗ್ಗನ್ನು ಕಂಡು ಮಾತ್ರ ಗಾಬರಿ ಬೇಡ, ಅದು ಸಾಮಾನ್ಯವಾಗಿ ನೂಲಿನ ಪದರದ ಎರಡು ತುದಿ ಒಂದರ ಮೇಲೊಂದು ಕೂತ ಜಾಗ.

ಪಂಕ್ಚರ್ ಹಾಕಿದ್ದರೆ ಅದು ಬ್ರಿಟಿಷ್ ಮಾನದಂಡದಂತೆ ಇರಬೇಕು. ತೂತಿಗೆ ಹೊರಗಿನಿಂದ ತುರುಕಿದ ರಬ್ಬರ್ ಬತ್ತಿ ಮಾರಾಟಕ್ಕೆ ಸಾಲದು.

ಕೊನೆಗೆ ಗುರುತುಗಳು. ವೃತ್ತದೊಳಗಿನ 'ಇ' ಅಕ್ಷರ ಮತ್ತು ಅಂಕಿ ಅನುಮೋದನೆ ಕೊಟ್ಟ ದೇಶವನ್ನು ಹೇಳುತ್ತದೆ: ಇ4 ನೆದರ್ಲೆಂಡ್ಸ್, ಇ11 ಬ್ರಿಟನ್. ಜೊತೆಗೆ 'ಪಾರ್ಟ್-ವರ್ನ್' (ಭಾಗಶಃ ಸವೆದದ್ದು) ಎಂದು ಇಂಗ್ಲಿಷಿನಲ್ಲಿ, ಕನಿಷ್ಠ 4 ಮಿ.ಮೀ. ಎತ್ತರದ ದೊಡ್ಡಕ್ಷರಗಳಲ್ಲಿ ಅಳಿಸದಂತೆ ಗುರುತು ಹಾಕಬೇಕು. ಆದರೆ ಕಾಯಿಸಿದ ಕಬ್ಬಿಣದಿಂದ ಸುಟ್ಟಾಗಲಿ ರಬ್ಬರ್ ಕೊರೆದಾಗಲಿ ಬರೆಯುವಂತಿಲ್ಲ. ಗುರುತು ಹಾಕಲು ಹೋಗಿ ಟೈರಿಗೇ ಗಾಯ ಮಾಡಿದರೆ ಏನು ಬಂತು?

ವಯಸ್ಸಿನ ಬಗ್ಗೆ ಈ ನಿಯಮ ಮೌನ. ಅದನ್ನು ಕೊಳ್ಳುವವರೇ ನೋಡಿಕೊಳ್ಳಬೇಕು: ಟೈರಿನ ಬದಿಯಲ್ಲಿ ಅಚ್ಚಾದ ಡಾಟ್ (DOT) ಸಂಕೇತದ ಕೊನೆಯ ನಾಲ್ಕಂಕಿ ತಯಾರಾದ ವಾರ, ವರ್ಷ; 2319 ಅಂದರೆ 2019ರ 23ನೇ ವಾರ. ಎಷ್ಟೋ ಟೈರುಗಳಲ್ಲಿ ಇದು ಒಂದೇ ಬದಿಯಲ್ಲಿರುತ್ತದೆ, ಕಾಣದಿದ್ದರೆ ಮಗುಚಿ ನೋಡಿ.