ಗ್ಯಾಪ್ ಬಿಟ್ಟು ಅಭ್ಯಾಸ ಆದ ಕೈಗೆ ಗ್ಯಾಪೇ ಇಲ್ಲದ ಡಬ್ಬಿ

22 ವರ್ಷದಿಂದ ಮರದ ಕೆಲಸ ಮಾಡ್ತಿದೀನಿ. ಶಿವಮೊಗ್ಗದಲ್ಲಿ ಸಾಗರ ರೋಡ್ ಕಡೆ ಸಣ್ಣ ವರ್ಕ್‌ಶಾಪು, ವಾರ್ಡ್‌ರೋಬು, ಕಿಚನ್ನು, ಬಾಗ್ಲು ಚೌಕಟ್ಟು ಇದೇ ನಮ್ಮ ಅನ್ನ. ನಮ್ಮ ಕಡೆ ಬಾಗ್ಲು ಕೂರಿಸೋ ಹುಡುಗನಿಗೆ ಮೊದಲು ಕಲಿಸೋದೇ ಗ್ಯಾಪ್ ಬಿಡೋದು. ಏಪ್ರಿಲ್ಲಲ್ಲಿ ಟೈಟಾಗಿ ಕೂರಿಸಿ ಬಂದ್ರೆ ಜುಲೈಲಿ ಫೋನ್ ಬರತ್ತೆ, ಬಾಗ್ಲು ಹಾಕಕ್ಕೇ ಆಗ್ತಿಲ್ಲ ಮಾರಾಯ್ರೆ, ಭುಜ ಕೊಟ್ಟು ತಳ್ಬೇಕು ಅಂತ. ಹಾಗಾಗಿ ಪ್ಲೈ ಇರ್ಲಿ ಸಾಗುವಾನಿ ಇರ್ಲಿ ನನ್ನ ಕೈ ತಾನಾಗೇ 2 ಎಂಎಂ ಬಿಡತ್ತೆ. ಹೋದ ವರ್ಷ ಇದೇ ಒಳ್ಳೆ ಅಭ್ಯಾಸ ನನ್ನನ್ನ ಹೊಂಡಕ್ಕೆ ತಳ್ತು.

ಗೋಪಾಳದ ಕಡೆ ಒಬ್ಬ ಹುಡುಗ, ಬೆಂಗಳೂರು ಕಂಪನಿ ಕೆಲಸ ಮನೆಯಿಂದಲೇ ಮಾಡೋನು, ರಾತ್ರಿ ಆದ್ರೆ ಗಿಟಾರು. ವರ್ಕ್‌ಶಾಪಿಗೆ ಬಂದು, ಅಣ್ಣ, ಒಂದು ಡಬ್ಬಿ ಬೇಕು, ಒಳಗೆ 12 ಇಂಚಿನ ಸ್ಪೀಕರ್, ರೆಕಾರ್ಡ್ ಮಾಡಕ್ಕೆ ಅದರ ಮುಂದೆ ಮೈಕು, ಸೌಂಡ್ ಹೊರಗೆ ಬರಬಾರ್ದು ಅಂದ. ಕೆಳಗಿನ ಮನೇಲಿ ಅವನ ಅಜ್ಜಿ, ರಾತ್ರಿ 9ಕ್ಕೆ ಮಲಗೋರು. ಮೆಲ್ಲಗೆ ನುಡಿಸು ತಮ್ಮ ಅಂದೆ. ನಕ್ಕುಬಿಟ್ಟ. ಅವನದ್ದು ವಾಲ್ವ್ ಆಂಪ್ಲಿಫೈಯರ್, ಹಳೇ ರೇಡಿಯೋ ಒಳಗೆ ಕೆಂಪಗೆ ಉರೀತಿತ್ತಲ್ಲ ಅಂಥ ವಾಲ್ವ್, ಅದನ್ನ ಜೋರು ಮಾಡಿದಾಗಲೇ ಅವರಿಗೆ ಬೇಕಾದ ಆ ಒರಟು ದನಿ ಬರೋದಂತೆ.

ನಾನು ಇದೇನ್ ಮಹಾ ಅಂದ್ಕೊಂಡು ಒಪ್ಪಿದೆ. 18 ಎಂಎಂ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ), ಸುಮಾರು ಮೂರೂವರೆ ಅಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ, ಪಕ್ಕದಲ್ಲಿ ಹಿಂಜ್ ಹಾಕಿದ ಬಾಗ್ಲು, ಹಿಂದೆ ಕೇಬಲ್ಲಿಗೆ ಒಂದು ಇಂಚಿನ ತೂತು, ಒಳಗೆಲ್ಲಾ ಅವನೇ ತಂದ ಕಪ್ಪು ಫೋಮು. ನೋಡಕ್ಕೆ ಭಾರಿ ಚಂದ ಇತ್ತು, ಫೋಟೋನೂ ಸ್ಟೇಟಸ್ಸಿಗೆ ಹಾಕಿದ್ದೆ, ಅದೊಂದು ಮಾಡಬಾರದಿತ್ತು. ಅವನ ರೂಮಲ್ಲಿಟ್ಟು ಒಂದೇ ಒಂದು ತಂತಿ ಮೀಟಿದ. ಕೆಳಗಿಂದ ಅಜ್ಜಿ, ಎಂತದಾ ಅದು, ಅಂತ ಕೂಗಿದ್ರು.

ಮೊಬೈಲ್ ಆ್ಯಪಲ್ಲಿ ಅಳೆದ್ವಿ. ಅದರ ನಂಬರ್ ಪೂರ್ತಿ ನಂಬೋ ಹಾಗಿಲ್ಲ, ಆದ್ರೆ ಎಷ್ಟು ಕಮ್ಮಿ ಆಯ್ತು ಅನ್ನೋ ಅಂದಾಜು ಸಿಗತ್ತೆ. ಡಬ್ಬಿ ಇಲ್ಲದೆ 102 ಡೆಸಿಬಲ್ (ಸೌಂಡ್ ಎಷ್ಟು ಜೋರು ಅನ್ನೋ ಅಳತೆ), ಡಬ್ಬಿ ಮುಚ್ಚಿದ ಮೇಲೆ 86. ಇದಕ್ಕೆ ಒಂದೂವರೆ ಶೀಟು, ನಾಲ್ಕು ದಿನದ ಕೆಲಸ.

ಅವತ್ತೇ ಇನ್ನೊಂದು ಎಡವಟ್ಟು. ಏನಾಗಿದೆ ನೋಡಣ ಅಂತ ನಾನು ಸ್ಪೀಕರಿನ ಕೇಬಲ್ ಎಳೆಯಕ್ಕೆ ಹೋದೆ, ಆಂಪ್ಲಿಫೈಯರ್ ಇನ್ನೂ ಆನ್ ಇತ್ತು, ಹುಡುಗ ಹಾವು ತುಳಿದವನ ಹಾಗೆ ಕಿರುಚಿದ. ವಾಲ್ವ್ ಆಂಪ್ಲಿಫೈಯರಿಗೆ ಸ್ಪೀಕರ್ ಕನೆಕ್ಷನ್ ಇಲ್ಲದೆ ಸಿಗ್ನಲ್ ಹೋದ್ರೆ ಒಳಗಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗಬಹುದು. ಸ್ಪೀಕರಿನ ಓಮ್ಸೂ, ಅಂದ್ರೆ ಕರೆಂಟಿಗೆ ಅದು ಕೊಡೋ ತಡೆ, ಆಂಪ್ಲಿಫೈಯರ್ ಹಿಂದೆ ಬರೆದಿರೋದಕ್ಕೆ ಹೊಂದಬೇಕು, 8 ಅಂದ್ರೆ 8, 16 ಅಂದ್ರೆ 16. ಇನ್ಯಾರಾದ್ರೂ ಕಾರ್ಪೆಂಟರ್ ಇಂಥ ಆರ್ಡರ್ ತಗೊಂಡ್ರೆ, ಮೊದಲು ಸ್ವಿಚ್ ಆಫ್ ಮಾಡಿಸಿ ಆಮೇಲೆ ಕೈ ಹಾಕಿ.

ಮನೆಗೆ ಬಂದ್ರೂ ನಿದ್ದೆ ಇಲ್ಲ. ಬೆಳಗ್ಗೆ ಡಬ್ಬಿನ ವಾಪಸ್ ತರಿಸಿ ಒಳಗೆ ಮೊಬೈಲ್ ಟಾರ್ಚ್ ಆನ್ ಮಾಡಿಟ್ಟು ಬಾಗ್ಲು ಹಾಕಿ ಶಟರ್ ಎಳೆದು ಲೈಟ್ ಆರಿಸಿದೆ. ಅಯ್ಯೋ, ಬಾಗಿಲಿನ ನಾಲ್ಕೂ ಕಡೆ ಗೆರೆ ಎಳೆದ ಹಾಗೆ ಬೆಳಕು, ಹಿಂದೆ ಕೇಬಲ್ ತೂತಿಂದ ಗೋಡೆ ಮೇಲೆ ಒಂದು ದುಂಡನೆ ಚುಕ್ಕಿ. ಲೆಕ್ಕ ಹಾಕಿದೆ. ಬಾಗ್ಲು 600 ಎಂಎಂ ಚೌಕ, ಸುತ್ತಳತೆ 2400, ಗ್ಯಾಪ್ 2 ಎಂಎಂ, ಅಂದ್ರೆ ಬಾಗಿಲಿನ ನೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ತೆರೆದೇ ಇದೆ. ಗೋಡೆ ನೂರಕ್ಕೆ ಒಂದು ಪಾಲು ತೆರೆದಿದ್ರೆ ಉಳಿದ 99 ಪಾಲು ಕಬ್ಬಿಣದ್ದೇ ಆಗಿದ್ರೂ 20 ಡೆಸಿಬಲ್ಲಿಗಿಂತ ಹೆಚ್ಚು ತಡೆಯಲ್ಲ, ಇದು ಹುಡುಗ ಆಮೇಲೆ ಹೇಳಿದ್ದು. ನಾನು ಮಳೆಗಾಲಕ್ಕೆ ಅಂತ ಬಿಟ್ಟ ಗ್ಯಾಪಲ್ಲಿ ಅವನ ಗಿಟಾರು ಆರಾಮಾಗಿ ಹೊರಗೆ ನಡ್ಕೊಂಡು ಬರ್ತಿತ್ತು.

ಫೋಮಿನ ಬಗ್ಗೆ ಒಂದು ಮಾತು. ಒಂದು ಇಂಚಿನ ಫೋಮು, ಮೊಟ್ಟೆ ಟ್ರೇ, ಥರ್ಮಾಕೋಲು ಇವೆಲ್ಲಾ ಸೌಂಡ್ ತಡೆಯತ್ತೆ ಅಂತ ಬಹಳ ಜನ ನಂಬಿದಾರೆ, ನಾನೂ ನಂಬಿದ್ದೆ. ಫೋಮು ಒಳಗಿನ ಗುಂಯ್ ಅನ್ನೋದನ್ನ ಸ್ವಲ್ಪ ಹೀರತ್ತೆ ಅಷ್ಟೆ, ಹೊರಗೆ ಹೋಗೋದನ್ನ ತಡೆಯೋದು ತೂಕ, ಮತ್ತೆ ಗಾಳಿ ಆಡದ ಹಾಗೆ ಮುಚ್ಚೋದು. ಗಿಟಾರಿನ ದಪ್ಪ ತಂತಿ 82 ಹರ್ಟ್ಸ್, ಅಂದ್ರೆ ಸೆಕೆಂಡಿಗೆ 82 ಸಲ ನಡುಗತ್ತೆ, ಆ ಅಲೆಯ ಉದ್ದ 4 ಮೀಟರಿಗೂ ಜಾಸ್ತಿ, ಅದಕ್ಕೆ ಒಂದಿಂಚಿನ ಫೋಮು ಯಾವ ಲೆಕ್ಕ.

ಹಾಗಾದ್ರೆ ಇನ್ನೊಂದು ಪದರ ಅಂಟಿಸಿಬಿಡಣ ಅಂದೆ. ಆದ್ರೆ ತೂಕ ಡಬಲ್ ಆದ್ರೂ ಸಿಗೋದು 6 ಡೆಸಿಬಲ್ ಆಸುಪಾಸು, ಕಿವಿಗೆ ಅರ್ಧ ಆಯ್ತು ಅನ್ನಿಸಬೇಕು ಅಂದ್ರೇ 10 ಬೇಕು. ಅದರ ಬದಲು ಎರಡು ಗೋಡೆನ ಒಂದಕ್ಕೊಂದು ತಾಗದ ಹಾಗೆ ದೂರ ಇಟ್ರೆ ಲಾಭ ಜಾಸ್ತಿ. ಸರಿ, ಹಳೇ ಡಬ್ಬಿನ ಒಳಗಿನದ್ದು ಮಾಡ್ಕೊಂಡು ಹೊರಗೆ ಇನ್ನೊಂದು ಕಟ್ಟಿದೆ, ನಡುವೆ ಎರಡಿಂಚು ಜಾಗ, ಅದರಲ್ಲಿ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ನಾರಿನ ಹಾಸು) ಗಿಡಿಯದೆ ಸಡಿಲವಾಗಿ. ಹೊರಗಿನದ್ದಕ್ಕೆ ಎಚ್‌ಡಿಎಚ್‌ಎಂಆರ್ ಅನ್ನೋ ಹಲಗೆ ಹಾಕಿದೆ, ಎಂಡಿಎಫ್‌ಗಿಂತ ಭಾರ, ತೇವಾನೂ ತಡ್ಕೊಳತ್ತೆ. ನಮ್ಮ ಮಳೇಲಿ ಎಂಡಿಎಫ್ ಅಂಚಿಗೆ ಸೀಲರ್ ಹಾಕ್ಲಿಲ್ಲ ಅಂದ್ರೆ ಚಹಾದಲ್ಲಿ ಅದ್ದಿದ ಬಿಸ್ಕೆಟ್ ಥರ ಉಬ್ಬತ್ತೆ. ಪಕ್ಕದ ಬಾಗ್ಲನ್ನ ಒಳಗಿಂದ ಪಟ್ಟಿ ಕೊಟ್ಟು ಗಮ್ಮು ಸಿಲಿಕಾನ್ ಹಾಕಿ ಪರ್ಮನೆಂಟಾಗಿ ಮುಚ್ಚಿದೆ. ಬಾಗಿಲಿನ ಬದಲು ಮೇಲೆ ಮುಚ್ಚಳ, ಒಳಗಿನದಕ್ಕೊಂದು ಹೊರಗಿನದಕ್ಕೊಂದು. ಹೊರಗಿನ ಮುಚ್ಚಳವೇ 14 ಕೆಜಿ, ಅದರ ಭಾರಕ್ಕೇ ಸುತ್ತ ಹಾಕಿರೋ ಕಾರ್ ಡೋರಿನ ರಬ್ಬರ್ ಬೀಡಿಂಗ್ ಒತ್ತಿ ಕೂರತ್ತೆ, ಮೇಲಿಂದ ನಾಲ್ಕು ಟಾಗಲ್ ಲ್ಯಾಚ್. ಕೇಬಲ್ಲಿಗೆ ತೂತಿನ ಬದಲು ಎರಡೂ ಗೋಡೆಗೆ ಸಾಕೆಟ್ ಕೂರಿಸಿದೆ, ಒಂದರ ಎದುರು ಇನ್ನೊಂದು ಬರದ ಹಾಗೆ ಓರೆಯಾಗಿ.

ಮಧ್ಯಾಹ್ನ ಊಟಕ್ಕೆ ಹೋಗಿ ಬರೋದ್ರಲ್ಲಿ ನಮ್ಮ ವರ್ಕ್‌ಶಾಪಿನ ಹುಡುಗ, ಒಳಗಿನ ಡಬ್ಬಿ ಅಲ್ಲಾಡ್ತಿದೆ ಅಣ್ಣ ಅಂತ, ನಡುವೆ ರೀಪಿನ ತುಂಡು ಕೊಟ್ಟು ಎರಡಕ್ಕೂ ಸೇರಿಸಿ ಉದ್ದ ಸ್ಕ್ರೂ ಹೊಡೆದಿದ್ದ. ಪಾಪ ಅವನ ತಪ್ಪಲ್ಲ, ಅಲ್ಲಾಡೋದನ್ನ ಗಟ್ಟಿ ಮಾಡು ಅಂತ ಕಲಿಸಿದೋನು ನಾನೇ. ಒಂದೇ ಒಂದು ಕಡೆ ಮರಕ್ಕೆ ಮರ ತಾಗಿದ್ರೂ ಅದೇ ಸೇತುವೆ, ಒಳಗಿನ ನಡುಕ ಹೊರಗಿನ ಗೋಡೆಗೆ ದಾಟತ್ತೆ. ಸ್ಕ್ರೂ ಬಿಚ್ಚಿಸಿ, ವಾಷಿಂಗ್ ಮೆಷಿನ್ ಕಾಲಿಗೆ ಇಡ್ತಾರಲ್ಲ ಆ ರಬ್ಬರ್ ಪ್ಯಾಡು, ಅದನ್ನ ಒಳಗಿನ ಡಬ್ಬಿ ಅಡಿಗೆ ನಾಲ್ಕು ಹೊರಗಿನದರ ಅಡಿಗೆ ಆರು ಇಟ್ಟೆ.

ಸಾಗಿಸೋದು ಒಂದು ಕಥೆ. ಎರಡೂ ಸೇರಿ 120 ಕೆಜಿ ಆಸುಪಾಸು, ತಿರುವಿನ ಮೆಟ್ಲು, ಆಚೆ ಧೋ ಅಂತ ಮಳೆ. ಐದು ಜನ. ಬಿಡಿಬಿಡಿಯಾಗಿ ಒಯ್ದು ಮೇಲೆ ಜೋಡಿಸೋ ಹಾಗೆ ಮಾಡ್ಬೇಕಿತ್ತು, ಹೊಳೀಲಿಲ್ಲ.

ಅಜ್ಜಿ ಮೆಟ್ಲ ಬುಡದಲ್ಲಿ ನಿಂತು ನೋಡ್ತಾ ಇದ್ರು. ಇದು ಹಲಸಿನ ಮರಾನಾ ಅಂತ ಕೇಳಿದ್ರು, ಅವರ ತವರಲ್ಲಿ ಮೃದಂಗ ನುಡಿಸ್ತಿದ್ರಂತೆ. ಅಲ್ಲ ಅಜ್ಜಿ, ಮೃದಂಗಕ್ಕೆ ವೀಣೆಗೆ ಹಲಸು ತಗೊಳೋದು ನಾದ ಬರ್ಲಿ ಅಂತ, ಇದಕ್ಕೆ ನಾದಾನೇ ಇಲ್ಲದ ಹಲಗೆ ಬೇಕು ಅಂದೆ. ನನ್ನ ಮುಖ ನೋಡಿ, ಅದಕ್ಕೆ ದುಡ್ಡು ಬೇರೆ ಕೊಡ್ತಾನಾ ಅಂದ್ರು.

ಈ ಸಲ ಆ್ಯಪಲ್ಲಿ 63. ಕೆಳಗೆ ಬಾಗ್ಲು ಹಾಕಿದ್ರೆ ಯಾರೋ ದೂರದಲ್ಲಿ ಅವಲಕ್ಕಿ ಕುಟ್ಟಿದ ಹಾಗೆ ದಪ್ಪ ತಂತಿದು ಮಾತ್ರ ಕೇಳತ್ತೆ, ಅದನ್ನ ಪೂರ್ತಿ ನಿಲ್ಲಿಸಕ್ಕೆ ಈ ಸೈಜಲ್ಲಿ ನನ್ನ ಕೈಲಿ ಆಗಲ್ಲ. ಆದ್ರೆ ರೆಕಾರ್ಡ್ ಮಾಡಿದ್ದು ಕೇಳಿ ಹುಡುಗ ಮುಖ ಸಣ್ಣ ಮಾಡ್ದ, ಕೊಡಪಾನದೊಳಗೆ ಕೂತು ನುಡಿಸಿದ ಹಾಗಿದೆ ಅಂದ. ಸಣ್ಣ ಪೆಟ್ಟಿಗೇಲಿ ಸೌಂಡ್ ಗೋಡೆಯಿಂದ ಗೋಡೆಗೆ ಬಡಿದು ವಾಪಸ್ ಮೈಕಿಗೇ ಬರತ್ತಲ್ಲ, ಅದು. ಫೋಮು ಕಿತ್ತು ಒಳಗೋಡೆಗೆಲ್ಲಾ ಎರಡಿಂಚು ರಾಕ್‌ವೂಲ್ ಇಟ್ಟು ಮೇಲೆ ಕಾಟನ್ ಬಟ್ಟೆ ಬಿಗಿದೆ, ಬಟ್ಟೆ ಇಲ್ಲದಿದ್ರೆ ಅದರ ನಾರು ಉದುರತ್ತೆ, ಕೈಯೆಲ್ಲಾ ತುರಿಕೆ. ಅವನು ತನ್ನ ಎಸ್‌ಎಂ57 ಅನ್ನೋ ಮೈಕನ್ನ ಸ್ಪೀಕರ್ ಬಟ್ಟೆಗೆ ಇನ್ನೂ ಹತ್ರ, ಒಂದಿಂಚಿಗೆ ತಂದ. ಮೈಕು ಸ್ಪೀಕರಿನ ನಡುಮಧ್ಯ ಇದ್ರೆ ದನಿ ಚೂಪು, ಅಂಚಿಗೆ ಸರಿದ್ರೆ ಮಂಕು. ಪ್ರತಿ ಸಲ 14 ಕೆಜಿ ಮುಚ್ಚಳ ಎತ್ತಿ ಅರ್ಧ ಇಂಚು ಸರಿಸಿ ಮುಚ್ಚಿ ಕೇಳಿ ಮತ್ತೆ ಎತ್ತು. ಕೊನೆಗೆ ಸರಿಹೋದ ಜಾಗಕ್ಕೆ ನನ್ನ ಕಿವಿ ಮೇಲಿದ್ದ ಪೆನ್ಸಿಲ್ ತಗೊಂಡು ಗುರುತು ಹಾಕ್ಕೊಂಡ.

ಗಾಳಿ ಆಡದ ಡಬ್ಬಿ ಅಂದ್ಮೇಲೆ ಬಿಸಿ ಆಗ್ದೆ ಇರತ್ತಾ. ಸ್ಪೀಕರಿಗೆ ಹೋಗೋ ಕರೆಂಟಲ್ಲಿ ಸೌಂಡ್ ಆಗೋದು ಚೂರೇ ಚೂರು, ಮಿಕ್ಕಿದ್ದೆಲ್ಲಾ ಕಾವು. ಆಂಪ್ಲಿಫೈಯರ್ ಹೊರಗೇ ಇರತ್ತೆ, ಒಳಗೆ ಸ್ಪೀಕರ್ ಮಾತ್ರ, ಆದ್ರೂ ಮುಕ್ಕಾಲು ಗಂಟೆಗೊಮ್ಮೆ ಮುಚ್ಚಳ ತೆಗೆದಿಡು ಅಂತ ಹೇಳಿದೀನಿ. ನುಡಿಸದ ದಿನಾನೂ ಕೋಲು ಕೊಟ್ಟು ಓರೆ ಮಾಡಿಟ್ಟಿರ್ಬೇಕು, ಸ್ಪೀಕರಿನ ಕೋನು ಪೇಪರು, ಜುಲೈ ತಿಂಗಳು ಮುಚ್ಚಿಟ್ರೆ ಚಪ್ಪಲಿಗೆ ಹಿಡಿದ ಹಾಗೆ ಬೂಷ್ಟು ಹಿಡಿಯತ್ತೆ.

ಎರಡನೇ ಸಲದ ಕೂಲಿ ನಾನು ಕೇಳ್ಲಿಲ್ಲ, ಮೆಟೀರಿಯಲ್ ದುಡ್ಡು ಅವನು ಕೊಟ್ಟ. ಟಾರ್ಚ್ ಪರೀಕ್ಷೆ ಮಾತ್ರ ಈಗ ಕಿಚನ್ ಸಿಂಕಿನ ಕೆಳಗಿನ ಬಾಕ್ಸಿಗೂ ಮಾಡ್ತೀನಿ, ಜಿರಳೆ ಎಲ್ಲಿಂದ ಬರತ್ತೆ ಅಂತ ಗೊತ್ತಾಗತ್ತೆ.

ಹೋದ ವಾರ ಅವನ ಫೋನು. ಓರೆ ಮಾಡಿಟ್ಟ ಮುಚ್ಚಳದ ಸಂದಿಯಿಂದ ಮನೆ ಬೆಕ್ಕು ಒಳಗಿಳಿದು ಬಟ್ಟೆ ಮೇಲೆ ಬೆಚ್ಚಗೆ ಮಲಗತ್ತಂತೆ, ನೋಡದೆ ಮುಚ್ಚಿಬಿಟ್ರೆ ಗತಿ ಏನು ಅಂತ ಅವನಿಗೆ ಭಯ. ಹಗಲು ಹೊತ್ತು ಹಾಕಿಡಕ್ಕೆ ಸೊಳ್ಳೆ ಜಾಲರಿದು ಒಂದು ಫ್ರೇಮ್ ಮಾಡ್ಕೊಡಿ ಅಂದ. ನಾಳೆ ಅಳತೆಗೆ ಹೋಗ್ಬೇಕು, ಅದಕ್ಕೆ 2 ಎಂಎಂ ಬಿಡ್ತೀನಿ.