ಹತ್ತು ಲಕ್ಷ ಹೋಗಿ ನೂರಾ ಆರಾದ ದಿನ

ಬೆಂಗಳೂರಿನಲ್ಲಿ ಕುಳಿತು ಹೊರದೇಶದ ವಿಜ್ಞಾನ ಪತ್ರಿಕೆಗಳ ಲೇಖನಗಳನ್ನು ಎಕ್ಸ್‌ಎಂಎಲ್‌ಗೆ, ಅಂದರೆ ಪಠ್ಯದ ಭಾಗಗಳಿಗೆ ಟ್ಯಾಗು ಎಂಬ ಗುರುತು ಹಚ್ಚಿಡುವ ರೂಪಕ್ಕೆ, ಇಳಿಸುವುದು ನನ್ನ ಕೆಲಸ. ಲೇಖಕರ ವರ್ಡ್ ಕಡತ ಒಳಗೆ ಬರುತ್ತದೆ, ಪತ್ರಿಕಾ ಲೇಖನಗಳಿಗೆಂದೇ ಇರುವ ಜಾಟ್ಸ್ ಎಂಬ ಮಾದರಿಯ ಎಕ್ಸ್‌ಎಂಎಲ್ ಹೊರಗೆ ಹೋಗುತ್ತದೆ. ಜಾಲತಾಣದ ಪುಟವೂ ಪಿಡಿಎಫ್‌ ಕೂಡ ಅದರಿಂದಲೇ ಹುಟ್ಟುತ್ತವೆ. ಈ ರೂಪಾಂತರವನ್ನು ನಾವು ವರ್ಷಗಳಿಂದ ಎಕ್ಸ್‌ಎಸ್‌ಎಲ್‌ಟಿ ಎಂಬ, ಎಕ್ಸ್‌ಎಂಎಲ್ ರೂಪ ಬದಲಿಸುವ ಭಾಷೆಯಲ್ಲಿ ಮಾಡುತ್ತಿದ್ದೆವು.

ಒಮ್ಮೆ ತಂತ್ರಾಂಶ ಮಾರುವವರೊಬ್ಬರು ಬಂದು ಪರದೆಯ ಮೇಲೆ ಎರಡು ಪ್ರೋಗ್ರಾಂಗಳನ್ನು ಅಕ್ಕಪಕ್ಕ ಇಟ್ಟರು. ಎಡಕ್ಕೆ ಎಕ್ಸ್‌ಎಸ್‌ಎಲ್‌ಟಿ, ಪುಟ ತುಂಬ. ಬಲಕ್ಕೆ ಎಕ್ಸ್‌ಎಂಎಲ್‌ನಲ್ಲಿ ಬೇಕಾದ್ದನ್ನು ಹುಡುಕಿ ತೆಗೆಯುವ ಭಾಷೆ ಎಕ್ಸ್‌ಕ್ವೆರಿ, ಹನ್ನೆರಡೇ ಸಾಲು. "ಅದು ಹಳೆಯದು, ನಿಧಾನ. ಇದು ವೇಗ, ಡೇಟಾಬೇಸಿನ ಭಾಷೆ ಎಸ್‌ಕ್ಯೂಎಲ್ ಬಲ್ಲವರು ಎರಡು ದಿನದಲ್ಲಿ ಕಲಿಯುತ್ತಾರೆ" ಎಂದರು. ತಂಡದ ಹುಡುಗರ ಮುಖ ಅರಳಿತು. ನಾನು ಹೆಚ್ಚು ಕೇಳದೆ ಒಪ್ಪಿದೆ. ಆ ಒಪ್ಪಿಗೆಯ ಹೊಣೆ ನನ್ನದೇ.

ಒಂದು ಪತ್ರಿಕೆಯ ಕೆಲಸವನ್ನು ಹೊಸ ಭಾಷೆಗೆ ಬದಲಿಸಿದ ಕೆಲವೇ ವಾರಗಳಲ್ಲಿ ಪ್ರೂಫ್ ನೋಡುವ ಸಹೋದ್ಯೋಗಿ ನನ್ನ ಮೇಜಿನ ಬಳಿ ಬಂದರು. "ಸರ್, ಮಿಲಿಲೀಟರಿಗೆ 106 ಬ್ಯಾಕ್ಟೀರಿಯಾ ಎಂದು ಬಂದಿದೆ. ಇಷ್ಟು ಕಡಿಮೆ ಇರುತ್ತದೆಯೇ?" ಮೂಲ ಕಡತ ತೆರೆದೆ. ಅಲ್ಲಿ 10ರ ತಲೆಯ ಮೇಲೆ 6 ಇತ್ತು, ಅಂದರೆ ಹತ್ತು ಲಕ್ಷ. ಹೊಸ ಪ್ರೋಗ್ರಾಂ ಪ್ಯಾರಾದಿಂದ ಬರೀ ಅಕ್ಷರಗಳನ್ನು ಎತ್ತಿಕೊಂಡು ಒಳಗಿನ ಟ್ಯಾಗುಗಳನ್ನು ಕೈಬಿಟ್ಟಿತ್ತು. ಓರೆಯಾಗಿರಬೇಕಾದ ಬ್ಯಾಕ್ಟೀರಿಯಾ ಹೆಸರುಗಳೂ ನೆಟ್ಟಗೆ ನಿಂತಿದ್ದವು. ದೋಷದ ಸೂಚನೆ ಒಂದೂ ಬಂದಿರಲಿಲ್ಲ. ಅವರ ಕಣ್ಣು ತಪ್ಪಿದ್ದರೆ ಆ ಅಂಕಿ ಹಾಗೆಯೇ ಅಚ್ಚಾಗುತ್ತಿತ್ತು.

ಹನ್ನೆರಡು ಸಾಲಿನ ಗುಟ್ಟು ಆಗ ತಿಳಿಯಿತು. ಮಾರಾಟಗಾರರು ತೋರಿಸಿದ ದತ್ತಾಂಶ ಒಂದು ಪುಸ್ತಕಪಟ್ಟಿ: ಹೆಸರು, ಲೇಖಕ, ಬೆಲೆ, ಪ್ರತಿಯೊಂದಕ್ಕೂ ಅದರದ್ದೇ ಟ್ಯಾಗು. ನಮ್ಮ ಪ್ಯಾರಾಗಳು ಹಾಗಲ್ಲ. ಅಕ್ಷರದ ನಡುವೆ ಓರೆ, ಓರೆಯ ಒಳಗೆ ಕೊಂಡಿ, ಕೊಂಡಿಯ ಒಳಗೆ ಮೇಲಂಕಿ. ಯಾವುದು ಎಲ್ಲಿ ಬರುತ್ತದೆಂದು ಮೊದಲೇ ಹೇಳಲಾಗದು. ಎಕ್ಸ್‌ಎಸ್‌ಎಲ್‌ಟಿ ಹುಟ್ಟಿದ್ದೇ ಇಂಥ ಪಠ್ಯಕ್ಕೆ. ಬೇಕಾದ ಟ್ಯಾಗಿಗೆ ಒಂದೊಂದು ನಿಯಮ ಬರೆದು, ಉಳಿದದ್ದನ್ನು ಇದ್ದಂತೆ ನಕಲಿಸೆಂದು ಒಂದು ಸಾಮಾನ್ಯ ನಿಯಮ ಕೊಟ್ಟರೆ ಮುಗಿಯಿತು. ಎಕ್ಸ್‌ಕ್ವೆರಿಯಲ್ಲಿ ಟ್ಯಾಗಿನೊಳಗಿನ ಟ್ಯಾಗಿಗೆ ಇಳಿಯುವ ಏರುವ ಕೆಲಸವನ್ನು ನಾವೇ ಫಂಕ್ಷನ್ ಕಟ್ಟಿ ಮಾಡಬೇಕು. ಸರಿಯಾಗಿ ಬರೆದು ಮುಗಿಸುವ ಹೊತ್ತಿಗೆ ನಮ್ಮ ಹೊಸ ಪ್ರೋಗ್ರಾಂ ಹಳೆಯದಕ್ಕಿಂತ ಉದ್ದವಾಗಿತ್ತು.

ವೇಗದ ಮಾತೂ ಅಷ್ಟೇ. ಅವರ ಎಕ್ಸ್‌ಕ್ವೆರಿ ಓಡಿದ್ದು ಮೊದಲೇ ಸೂಚಿ (ಇಂಡೆಕ್ಸ್) ಕಟ್ಟಿಟ್ಟ ಡೇಟಾಬೇಸಿನ ಮೇಲೆ. ಎಕ್ಸ್‌ಎಸ್‌ಎಲ್‌ಟಿಗೆ ಮಾತ್ರ ಒಂದೊಂದು ಕಡತಕ್ಕೂ ಅದನ್ನು ಓಡಿಸುವ ಜಾವಾ ಹೊಸದಾಗಿ ಶುರುವಾಗುತ್ತಿತ್ತು. ಗೆದ್ದದ್ದು ಸೂಚಿ, ಭಾಷೆಯಲ್ಲ. ಎಕ್ಸ್‌ಎಸ್‌ಎಲ್‌ಟಿ 2.0 ಮತ್ತು ಎಕ್ಸ್‌ಕ್ವೆರಿ 1.0 ಎರಡಕ್ಕೂ ಜಾಲದ ಮಾನದಂಡ ರೂಪಿಸುವ ಸಂಸ್ಥೆ ಡಬ್ಲ್ಯು3ಸಿಯ ಮುದ್ರೆ ಬಿದ್ದದ್ದು ಒಂದೇ ದಿನ, 2007ರ ಜನವರಿ 23ರಂದು. ಕಡತದೊಳಗಿನ ಭಾಗಗಳನ್ನು ಗುರುತಿಸುವ ಎಕ್ಸ್‌ಪಾಥ್ 2.0 ಎರಡಕ್ಕೂ ಸಮಾನ, ದತ್ತಾಂಶ ಮಾದರಿಯೂ ಒಂದೇ. ನಾವು ಬಳಸುವ ಸ್ಯಾಕ್ಸನ್ ತಂತ್ರಾಂಶ ಎರಡನ್ನೂ ಓಡಿಸುತ್ತದೆ. ನಿಯಮಗಳನ್ನು ಒಮ್ಮೆ ಕಂಪೈಲ್ ಮಾಡಿ ಇಡೀ ಫೋಲ್ಡರನ್ನು ಒಟ್ಟಿಗೆ ಕೊಟ್ಟಾಗ, ಮಾರಾಟಗಾರರು ಆಡಿಕೊಂಡಿದ್ದ ನಿಧಾನದ ಬಹುಪಾಲು ಕರಗಿಹೋಯಿತು.

ಎಕ್ಸ್‌ಕ್ವೆರಿಯನ್ನು ನಾವು ಬಿಡಲಿಲ್ಲ, ಬಿಡಬಾರದು ಕೂಡ. ಸಾವಿರಾರು ಲೇಖನಗಳಲ್ಲಿ ಧನಸಹಾಯದ ವಿವರ ಯಾವುದರಲ್ಲಿ ಇಲ್ಲ, ಒಂದೇ ಉಲ್ಲೇಖ ಎಲ್ಲೆಲ್ಲಿ ಬಂದಿದೆ ಎಂದು ಹುಡುಕಲು ಅದರಷ್ಟು ಅಚ್ಚುಕಟ್ಟಾದ ಭಾಷೆಯನ್ನು ನಾನು ಕಂಡಿಲ್ಲ. ಆ ಕೆಲಸವೆಲ್ಲ ಈಗ ಅದರದ್ದೇ.

ಹೋಲಿಕೆ ತೋರಿಸಲು ಯಾರೇ ಬಂದರೂ ನಾನೀಗ ಒಂದು ಪೆನ್‌ಡ್ರೈವ್ ಕೈಗಿಡುತ್ತೇನೆ. ಅದರಲ್ಲಿ ಆ 10ರ ಮೇಲಿನ 6 ಇದೆ, ಕೊಂಡಿಯ ಒಳಗಿನ ಓರೆ ಹೆಸರಿದೆ, ಕೋಷ್ಟಕದ ಒಳಗೆ ಅಡಿಟಿಪ್ಪಣಿಯಿದೆ. ಇದನ್ನು ನಮ್ಮೆದುರೇ ಓಡಿಸಿ ಎನ್ನುತ್ತೇನೆ. ಪ್ರೂಫ್ ನೋಡುವ ಆ ಸಹೋದ್ಯೋಗಿಯೂ ಆ ಸಭೆಯಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಾರೆ.