ಬ್ಲೂಮ್ಸ್‌ಡೇ: ಡಬ್ಲಿನ್‌ನಲ್ಲಿ ಒಣಹುಲ್ಲಿನ ಹ್ಯಾಟು, ಜೀನ್ಸು ಮತ್ತು ಇಳಕಲ್ ಸೀರೆ

'ಯುಲಿಸಿಸ್' ಕಾದಂಬರಿ ನಡೆಯುವ 1904ರ ಜೂನ್ 16ರ ನೆನಪಿಗೆ, ಆ ಕಾಲದ ವೇಷ ಹಾಕಿ ಡಬ್ಲಿನ್‌ನವರು ಪ್ರತಿ ವರ್ಷ ಮಾಡುವ ಹಬ್ಬ ಬ್ಲೂಮ್ಸ್‌ಡೇ. ಆವತ್ತು ಬೆಳಿಗ್ಗೆ ಊರಿನ ಡಾರ್ಟ್ ಲೋಕಲ್ ರೈಲು ಹತ್ತಿದರೆ ಒಂದೇ ಬೋಗಿಯಲ್ಲಿ ಎರಡು ಕಾಲದ ಜನ ಕೂತಿರುತ್ತಾರೆ. ಕಿಟಕಿ ಪಕ್ಕ ಲೆಗ್ಗಿಂಗ್ಸ್, ಸ್ನೀಕರ್ಸ್ ಹಾಕಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಹುಡುಗಿ. ಎದುರು ಸೀಟಲ್ಲಿ ಕತ್ತಿನವರೆಗೂ ಲೇಸಿರುವ ಬಿಳಿ ಬ್ಲೌಸು, ಪಾದ ಮುಚ್ಚುವ ಸ್ಕರ್ಟು, ಹೂವು ಸಿಕ್ಕಿಸಿದ ಅಗಲ ಹ್ಯಾಟಿನ ಅಜ್ಜಿ. ಬಾಗಿಲ ಹತ್ತಿರ ಪಟ್ಟೆ ಕೋಟು, ಬೋ ಟೈ, ಒಣಹುಲ್ಲಿನ ಹ್ಯಾಟಿನ ಇಬ್ಬರು ಗಂಡಸರು, ಅವರ ಮಧ್ಯೆ ಸೈಕಲ್ ಹಿಡಿದು ನಿಂತ ಟ್ರ್ಯಾಕ್‌ಪ್ಯಾಂಟಿನ ಹುಡುಗ. ಯಾರೂ ಯಾರನ್ನೂ ಕಣ್ಣರಳಿಸಿ ನೋಡುತ್ತಿರಲಿಲ್ಲ.

ನೋಡುತ್ತಿದ್ದದ್ದು ನನ್ನ ತಂಗಿ ಒಬ್ಬಳೇ, ಅದೂ ನನ್ನನ್ನು. ಡಬ್ಲಿನ್‌ನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಅವಳು ಆವತ್ತು ರಜೆ ಹಾಕಿ, ಜೀನ್ಸು, ಮಳೆ ಜಾಕೆಟ್ಟಿನಲ್ಲಿ ಬಂದಿದ್ದಳು. ನಾನು ಇಳಕಲ್ ಸೀರೆ ಉಟ್ಟಿದ್ದೆ. ಅದರ ಮೇಲೆ ಗುಳೇದಗುಡ್ಡ ಖಣದಲ್ಲಿ ಹೊಲಿಸಿದ, ಕತ್ತು ಮುಚ್ಚುವ, ಮೊಣಕೈವರೆಗೆ ಉಬ್ಬಿದ ಪಫ್ ತೋಳಿನ ರವಿಕೆ. ಇದನ್ನು ಬೆಂಗಳೂರಲ್ಲೇ ಯೋಚಿಸಿ ಹೊಲಿಸಿಕೊಂಡು ಬಂದಿದ್ದೆ. 1904ರ ಆಸುಪಾಸಿನಲ್ಲಿ ನಮ್ಮ ಕಡೆಯ ಅನುಕೂಲಸ್ಥ ಮನೆಗಳ ಹೆಂಗಸರೂ ಸೀರೆಯೊಳಗೆ ಹೀಗೇ ಲೇಸು, ಪಫ್ ತೋಳು ಹಾಕುತ್ತಿದ್ದರು. ಹಳೇ ಫೋಟೋ ನೋಡಿದರೆ ಗೊತ್ತಾಗುತ್ತೆ. ಲಂಡನ್ನಿನಿಂದ ಹೊರಟ ಫ್ಯಾಷನ್ ಡಬ್ಲಿನ್‌ಗೂ ಬಂದಿತ್ತು, ನಮ್ಮ ಕಡೆಗೂ ಬಂದಿತ್ತು. ಆಗ ಎರಡೂ ಒಂದೇ ಸಾಮ್ರಾಜ್ಯದ ಕೆಳಗಿದ್ದವು ತಾನೇ.

ಅಮ್ಮ ಮೈಸೂರು ಸಿಲ್ಕ್ ಉಡು ಅಂದಿದ್ದಳು. ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾಗಿದ್ದೇ 1912ರಲ್ಲಿ, ಎಂಟು ವರ್ಷ ತಡ. ಇಂಥ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು.

"ಅಕ್ಕ, ಸ್ವೆಟರ್ ಆದ್ರೂ ಹಾಕ್ಕೋ" ಅಂತ ತಂಗಿ ಎರಡು ಸಲ ಹೇಳಿದಳು. ಚಳಿಗಲ್ಲ, ಮುಜುಗರಕ್ಕೆ ಅಂತ ನನಗೆ ಗೊತ್ತಿತ್ತು. ಅಷ್ಟರಲ್ಲಿ ಹ್ಯಾಟಿನ ಅಜ್ಜಿ ನನ್ನ ಕಡೆ ಬಾಗಿ, ಸೆರಗಿನ ಕೆಂಪನ್ನು ಬೆರಳಲ್ಲಿ ಮುಟ್ಟಿ, ಎಷ್ಟು ಚೆಂದ ಅಂದರು. ನಿಮ್ಮ ಬ್ಲೌಸೂ ಚೆನ್ನಾಗಿದೆ ಅಂದೆ. ತಕ್ಷಣ ಅವರು, "ಥ್ಯಾಂಕ್ಸ್, ಪೆನ್ನೀಸ್" ಅಂದರು.

ತಂಗಿ ಕಿಸಕ್ಕನೆ ನಕ್ಕಳು. ಪೆನ್ನೀಸ್ ಅಂದರೆ ಐರ್ಲೆಂಡಿನ ಅಗ್ಗದ ಬಟ್ಟೆ ಅಂಗಡಿ. 1969ರಲ್ಲಿ ಡಬ್ಲಿನ್‌ನ ಮೇರಿ ಸ್ಟ್ರೀಟಿನಲ್ಲಿ ಶುರುವಾಯಿತು, ಈಗ ಬೇರೆ ದೇಶಗಳಲ್ಲಿ ಪ್ರೈಮಾರ್ಕ್ ಅನ್ನೋ ಹೆಸರಲ್ಲಿದೆ. ಬಟ್ಟೆ ಚೆನ್ನಾಗಿದೆ ಅಂತ ಯಾರಾದರೂ ಹೊಗಳಿದರೆ ಐರಿಷ್ ಹೆಂಗಸರು ಹಿಗ್ಗುವುದಿಲ್ಲ. ಅಂಗಡಿ ಹೆಸರು ಹೇಳಿ ಮಾತು ಮುಗಿಸುತ್ತಾರೆ. ನನ್ನ ಮಟ್ಟಿಗೆ ಇದು ಆ ದೇಶದ ಅಸಲಿ ಪರಂಪರೆಗಳಲ್ಲಿ ಒಂದು. 1904ರ ಬ್ಲೌಸು ಅಂದುಕೊಂಡು ನಾನು ನೋಡುತ್ತಿದ್ದದ್ದು ಸೇಲ್‌ನಲ್ಲಿ ತಂದದ್ದು, ಕಾಲರ್‌ಗೆ ಅವರೇ ಕೂತು ಲೇಸು ಹೊಲಿದಿದ್ದರು.

ಈ ವೇಷಕ್ಕೆಲ್ಲ ಕಾರಣ ಐರಿಷ್ ಲೇಖಕ ಜೇಮ್ಸ್ ಜಾಯ್ಸ್. ಪ್ಯಾರಿಸ್ಸಿನಲ್ಲಿ 1922ರಲ್ಲಿ ಅಚ್ಚಾದ ಅವನ 'ಯುಲಿಸಿಸ್' ಕಾದಂಬರಿ ನಡೆಯುವುದು 1904ರ ಜೂನ್ 16ರಂದು. ಪತ್ರಿಕೆಗೆ ಜಾಹೀರಾತು ಹಿಡಿಯುವ ಲಿಯೋಪೋಲ್ಡ್ ಬ್ಲೂಮ್ ಅನ್ನುವ ಸಾಧಾರಣ ಮನುಷ್ಯ ದಿನವಿಡೀ ಡಬ್ಲಿನ್ ಸುತ್ತುತ್ತಾನೆ, ಅಷ್ಟೇ. ಜಾಯ್ಸ್ ಆ ತಾರೀಕು ಆರಿಸಿಕೊಂಡದ್ದು ತನ್ನ ಹುಡುಗಿ ನೋರಾ ಬಾರ್ನಕಲ್ ಜೊತೆ ಮೊದಲ ಸಲ ಸುತ್ತಾಡಲು ಹೋದ ದಿನ ಅಂತ. ಗಾಲ್ವೇ ಕಡೆಯ ಆಕೆ ಡಬ್ಲಿನ್‌ನ ಫಿನ್ಸ್ ಹೋಟೆಲಿನಲ್ಲಿ ಕೋಣೆ ಗುಡಿಸುವ ಕೆಲಸದಲ್ಲಿದ್ದಳು. ಅದೇ ವರ್ಷ ಇಬ್ಬರೂ ದೇಶ ಬಿಟ್ಟರು. 1912ರ ಭೇಟಿಯ ನಂತರ ಜಾಯ್ಸ್ ಐರ್ಲೆಂಡಿಗೆ ಕಾಲಿಡಲೇ ಇಲ್ಲ. ಈಗ ಅವನ ಹೆಸರಲ್ಲಿ ಊರಿಗೆ ಊರೇ ಹಬ್ಬ ಮಾಡುತ್ತೆ. ಪುಸ್ತಕ ಓದಿದವರಿಗಿಂತ ಹ್ಯಾಟು ಹಾಕಿದವರೇ ಜಾಸ್ತಿ ಇದ್ದಾರೇನೋ.

ನಾವು ಇಳಿದದ್ದು ಸ್ಯಾಂಡಿಕೋವ್ ಮತ್ತು ಗ್ಲಾಸ್‌ತೂಲ್ ಸ್ಟೇಷನ್ನಿನಲ್ಲಿ. ಅಲ್ಲಿಂದ ಸಮುದ್ರದ ಕಡೆ ಸ್ವಲ್ಪ ನಡೆದರೆ ಮಾರ್ಟೆಲ್ಲೋ ಗೋಪುರ. ನೆಪೋಲಿಯನ್ ದಂಡೆತ್ತಿ ಬಂದಾನು ಅನ್ನುವ ಭಯದಲ್ಲಿ ಬ್ರಿಟಿಷರು ಈ ಕರಾವಳಿ ಉದ್ದಕ್ಕೂ ಕಟ್ಟಿಸಿದ ದುಂಡನೆಯ ಕಾವಲು ಗೋಪುರಗಳಲ್ಲಿ ಇದೂ ಒಂದು. ಅವನು ಬರಲಿಲ್ಲ. ನೂರು ವರ್ಷದ ನಂತರ ಜಾಯ್ಸ್ ಬಂದು ಕೆಲವು ರಾತ್ರಿ ತಂಗಿದ್ದ. ಕಾದಂಬರಿ ಶುರುವಾಗುವುದು ಇದರ ತಾರಸಿಯ ಮೇಲೆ. 1962ರಿಂದ ಒಳಗೊಂದು ಮ್ಯೂಸಿಯಂ ಇದೆ.

ಆ ಮ್ಯೂಸಿಯಂನಲ್ಲಿ ನಾನು ಜಾಸ್ತಿ ಹೊತ್ತು ನಿಂತದ್ದು ಒಂದು ವೇಸ್ಟ್‌ಕೋಟಿನ ಮುಂದೆ. ಜಾಯ್ಸ್‌ನ ಅಜ್ಜಿ ಕಸೂತಿ ಹಾಕಿದ್ದು, ಬೇಟೆಯ ಚಿತ್ರಗಳಿರುವಂಥದ್ದು. ಮನೆತನದಿಂದ ಅವನ ಕೈಗೆ ಬಂದಿತ್ತು, ವಿಶೇಷ ದಿನಗಳಲ್ಲಿ ಹಾಕಿಕೊಳ್ಳುತ್ತಿದ್ದನಂತೆ. ಗಾಜಿಗೆ ಮೂಗು ತಾಗಿಸಿ ನೋಡಿದೆ. ಯಂತ್ರದ ಹೊಲಿಗೆಯಲ್ಲಿ ಕಾಣದ ಒಂದು ಗುಣ ಕೈ ಕಸೂತಿಯಲ್ಲಿರುತ್ತಲ್ಲ, ಒಂದು ಹೊಲಿಗೆ ಬಿಗಿ, ಮುಂದಿನದು ಚೂರು ಸಡಿಲ, ಹಾಗೆ. ಹಳೇ ಬಟ್ಟೆ ಹಾಕುವ ಶೋಕಿ ಅವನಿಗೂ ಇತ್ತು ಅಂತಾಯಿತು.

ಗೋಪುರದ ಕೆಳಗೇ ಫಾರ್ಟಿ ಫುಟ್ ಅನ್ನುವ ಈಜುವ ಜಾಗ. ಬಂಡೆ ಮೇಲಿಂದ ಜನ ತಣ್ಣನೆ ಸಮುದ್ರಕ್ಕೆ ಧುಮುಕುತ್ತಾರೆ, ಹಬ್ಬ ಇರಲಿ ಬಿಡಲಿ. ಆವತ್ತೂ ಈಜುಡುಗೆಯಲ್ಲಿ ನಡುಗುತ್ತಾ, ಟವೆಲ್ ಸುತ್ತಿಕೊಂಡು, ಫ್ಲಾಸ್ಕಿನಿಂದ ಟೀ ಕುಡಿಯುತ್ತಾ ಮೆಟ್ಟಿಲು ಹತ್ತಿ ಬರುತ್ತಿದ್ದರು. ಅವರ ಎದುರಿಗೆ ಕೊಡೆ ಹಿಡಿದು, ಸ್ಕರ್ಟು ಎತ್ತಿಕೊಂಡು ಇಳಿಯುವ ಎಡ್ವರ್ಡಿಯನ್, ಅಂದರೆ 1904ರ ಕಾಲದ, ವೇಷದ ಹೆಂಗಸರು. ಮೆಟ್ಟಿಲು ಕಿರಿದು. ಮೈಯೆಲ್ಲಾ ಮುಚ್ಚಿಕೊಂಡವರೂ ಮೈಯೆಲ್ಲಾ ತೆರೆದುಕೊಂಡವರೂ ಪಕ್ಕಕ್ಕೆ ಸರಿದು ಒಬ್ಬರಿಗೊಬ್ಬರು ದಾರಿ ಬಿಟ್ಟು, ಇವತ್ತು ಬಿಸಿಲಿದೆ ಅಲ್ವಾ ಅಂತ ಮಾತಾಡಿಕೊಂಡರು. ನನಗೆ ಇಡೀ ದಿನದಲ್ಲಿ ಇಷ್ಟವಾದ ನೋಟ ಅದು. ಎಲ್ಲರೂ ಹ್ಯಾಟು ಹಾಕಿಬಿಟ್ಟಿದ್ದರೆ ಸಿನಿಮಾ ಶೂಟಿಂಗ್ ಥರ ಇರುತ್ತಿತ್ತು. ಟವೆಲ್ಲು, ಜೀನ್ಸು ಪಕ್ಕದಲ್ಲಿದ್ದರೇ ಹ್ಯಾಟಿಗೆ ಕಳೆ.

ಗ್ಲಾಸ್‌ತೂಲ್ ಬೀದಿಯಲ್ಲಿ ತಿಂಡಿ, ಹಾಡು, ಓದು ಎಲ್ಲ ಒಟ್ಟಿಗೇ ನಡೆದಿತ್ತು. ಬ್ಲೂಮ್ ಬೆಳಿಗ್ಗೆ ಹಂದಿಯ ಕಿಡ್ನಿ ಹುರಿದು ತಿನ್ನುತ್ತಾನೆ, ಹಾಗಾಗಿ ಎಲ್ಲಾ ಕಡೆ ಅದೇ ವಾಸನೆ. ನಾವಿಬ್ಬರೂ ಬ್ರೆಡ್ಡು, ಬೆಣ್ಣೆ, ಟೀಯಲ್ಲಿ ಮುಗಿಸಿದೆವು. ಪಕ್ಕದ ಮೇಜಿನಲ್ಲಿ ಬಾಸ್ಟನ್ನಿನಿಂದ ಬಂದ ಗಂಡ ಹೆಂಡತಿ. ಎಲ್ಲರಿಗಿಂತ ಒಪ್ಪವಾಗಿ ಉಡುಪು ಹಾಕಿದ್ದವರು ಅವರೇ. ಆತನ ಮೈಮೇಲೆ ಡೊನೆಗಾಲ್ ಟ್ವೀಡಿನ ಮೂರು ತುಂಡಿನ ಸೂಟು. ಈ ಟ್ವೀಡು ದೂರದಿಂದ ಬರೀ ಬೂದು. ಹತ್ತಿರ ಹೋದರೆ ನೂಲಿನಲ್ಲಿ ಅಲ್ಲಲ್ಲಿ ಹಳದಿ, ನೇರಳೆ, ಹಸಿರು ಚುಕ್ಕೆಗಳು ಸಿಕ್ಕಿಕೊಂಡಿರುತ್ತವೆ. ಮುತ್ತಜ್ಜಿ ಮೇಯೋ ಜಿಲ್ಲೆಯವರು, ಬರಗಾಲದ ನಂತರ ಹಡಗು ಹತ್ತಿದವರು ಅಂತ ಆತ ಹೇಳಿದರು. ಪೂರ್ವಿಕರ ನೆಲದಲ್ಲಿ ಪೂರ್ವಿಕರ ಕಾಲದ ಬಟ್ಟೆ ಹಾಕಬೇಕು ಅನ್ನುವುದು ಅವರ ಆಸೆ. ಟೀ ತಂದಿಟ್ಟ ಸ್ಥಳೀಯ ಹುಡುಗ ಹಾಕಿದ್ದು ಫುಟ್‌ಬಾಲ್ ಜೆರ್ಸಿ. ಅವನ ಮುತ್ತಜ್ಜಿ ಎಲ್ಲಿಯವರು ಅಂತ ಯಾರೂ ಕೇಳಲಿಲ್ಲ.

ಸೂಟಿನವರ ಹೆಂಡತಿ ತಮ್ಮ ಕೋಟಿನ ಜೇಬಿನಿಂದ ಒಂದು ಆಲೂಗಡ್ಡೆ ತೆಗೆದು ತೋರಿಸಿದರು. ಪುಸ್ತಕ ಓದಿದವರು ಅಂತ ಆಗ ಗೊತ್ತಾಯಿತು. ಬ್ಲೂಮ್ ತನ್ನ ತಾಯಿ ಕೊಟ್ಟ ಒಣಗಿದ ಆಲೂಗಡ್ಡೆಯನ್ನು ರಕ್ಷೆಯ ಹಾಗೆ ಜೇಬಲ್ಲಿಟ್ಟುಕೊಂಡು ತಿರುಗುತ್ತಾನೆ. 1845ರಿಂದ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಹತ್ತು ಲಕ್ಷದಷ್ಟು ಜನ ಸತ್ತ, ಅಷ್ಟೇ ಜನ ದೇಶ ಬಿಟ್ಟ ನಾಡಿನಲ್ಲಿ ಜೇಬಿನ ಆಲೂಗಡ್ಡೆ ಸುಮ್ನೆ ತಮಾಷೆಗಲ್ಲ. ಹ್ಯಾಟು, ಬೋ ಟೈಗಳೆಲ್ಲ ಆ ಕಾಲದ ಬ್ರಿಟಿಷ್ ಫ್ಯಾಷನ್ನು. ಆವತ್ತು ನಾನು ನೋಡಿದ ವೇಷಗಳಲ್ಲಿ ನಿಜವಾಗಿ ಐರಿಷ್ ಆದದ್ದು ಆ ಆಲೂಗಡ್ಡೆಯೇ ಅನ್ನಿಸಿತು.

ಇನ್ನೂ ಒಂದು ಮಜಾ ಇದೆ. ಹಬ್ಬದ ಗುರುತೇ ಆಗಿರುವ ಒಣಹುಲ್ಲಿನ ಹ್ಯಾಟು ಬ್ಲೂಮ್‌ನದಲ್ಲ! ಅವನು ಆ ದಿನ ಒಂದು ಸಾವಿನ ಮೆರವಣಿಗೆಗೆ ಹೋಗಬೇಕು, ಕಪ್ಪು ಸೂಟಿನಲ್ಲಿರುತ್ತಾನೆ. ಅವನ ಹ್ಯಾಟಿನ ಒಳಗೆ ಅಂಗಡಿ ಹೆಸರಿನ ಪಟ್ಟಿಯ ಕೊನೇ ಅಕ್ಷರ ಬೆವರಿಗೆ ಅಳಿಸಿಹೋಗಿದೆ. ಒಣಹುಲ್ಲಿನ ಹ್ಯಾಟು, ಕಂದು ಶೂ ಹಾಕಿ ಮೆರೆಯುವವನು ಬ್ಲೇಜಸ್ ಬಾಯ್ಲನ್, ಅಂದರೆ ಆವತ್ತೇ ಮಧ್ಯಾಹ್ನ ಬ್ಲೂಮ್‌ನ ಹೆಂಡತಿಯ ಹತ್ತಿರ ಹೋಗುವವನು. ಬ್ಲೂಮ್ ಹೆಸರಿನ ಹಬ್ಬಕ್ಕೆ ಅರ್ಧ ಊರು ಅವನ ಎದುರಾಳಿಯ ವೇಷ ಹಾಕಿ ಬರುತ್ತೆ. ಕಪ್ಪು ಸೂಟು ಫೋಟೋದಲ್ಲಿ ಏಳೋದಿಲ್ಲ, ಏನು ಮಾಡೋದು.

ಮಧ್ಯಾಹ್ನ ರೈಲಿನಲ್ಲಿ ಊರೊಳಗೆ ಬಂದೆವು. ಪಿಯರ್ಸ್ ಸ್ಟೇಷನ್ನಿನ ಹತ್ತಿರ ಲಿಂಕನ್ ಪ್ಲೇಸಿನಲ್ಲಿ ಸ್ವೀನೀಸ್ ಅನ್ನುವ ಹಳೇ ಔಷಧಿ ಅಂಗಡಿ. ಬ್ಲೂಮ್ ಇಲ್ಲಿ ನಿಂಬೆ ಸೋಪು ಕೊಳ್ಳುತ್ತಾನೆ. ದುಡ್ಡು ಆಮೇಲೆ ಕೊಡ್ತೀನಿ ಅಂದವನು ಮತ್ತೆ ಆ ಕಡೆ ಹೋಗುವುದೇ ಇಲ್ಲ. 2009ರಲ್ಲಿ ಔಷಧಿ ವ್ಯಾಪಾರ ನಿಂತಿತು. ಈಗ ಸ್ವಯಂಸೇವಕರು ನಡೆಸುತ್ತಾರೆ, ಅದೇ ಸೋಪು ಮಾರುತ್ತಾರೆ, ಕೂತು ಪುಸ್ತಕ ಓದುತ್ತಾರೆ. ಒಳಗೆ ಮರದ ಡ್ರಾಯರ್‌ಗಳು, ಬಣ್ಣದ ಬಾಟಲಿಗಳು, ಕಾಲಿಡಲು ಜಾಗ ಇಲ್ಲದಷ್ಟು ಜನ. ಸೋಪು ತಗೊಂಡೆ, ದುಡ್ಡೂ ಕೊಟ್ಟೆ. ಹೊರಗೆ ಬಂದು ತಲೆ ಎತ್ತಿದರೆ ಹತ್ತಿರದಲ್ಲೇ ಇಟ್ಟಿಗೆ ಗೋಡೆಯ ಮೇಲೆ ಫಿನ್ಸ್ ಹೋಟೆಲ್ ಅಂತ ಹಳೇ ಬರಹ ಇನ್ನೂ ಇದೆ. ನೋರಾ ಕೆಲಸ ಮಾಡಿದ್ದು ಅಲ್ಲೇ.

ಊಟಕ್ಕೆ ಡ್ಯೂಕ್ ಸ್ಟ್ರೀಟಿನ ಡೇವಿ ಬರ್ನ್ಸ್. ಕಾದಂಬರಿಯಲ್ಲಿ ಬ್ಲೂಮ್ ಮೊದಲು ಇನ್ನೊಂದು ಹೋಟೆಲಿಗೆ ಹೋಗಿ, ಮಾಂಸ ಗಬಗಬ ಮುಕ್ಕುತ್ತಿದ್ದವರನ್ನು ನೋಡಿ ಹೇಸಿ ಹೊರಬಂದು, ಇಲ್ಲಿ ಗೊರ್ಗೊನ್ಜೋಲಾ ಚೀಸ್ ಸ್ಯಾಂಡ್‌ವಿಚ್ಚು, ಒಂದು ಗ್ಲಾಸ್ ಬರ್ಗಂಡಿ ವೈನು ತಗೊಳ್ಳುತ್ತಾನೆ. ಕಿಡ್ನಿ ತಿನ್ನದವರಿಗೂ ಈ ಹಬ್ಬದಲ್ಲಿ ಊಟ ಇದೆ ಅನ್ನಿ. ಚೀಸಿನ ವಾಸನೆಗೆ ತಂಗಿ ಮುಖ ಹಿಂಡಿದಳು. ನನಗೆ ಸಾಸಿವೆ ಜೊತೆ ಚೆನ್ನಾಗೇ ಹಿಡಿಸಿತು.

ಅದೇ ಬೀದಿಯಲ್ಲಿ ಎದುರಿಗಿದೆ ದಿ ಬೇಲಿ ಪಬ್ಬು. ಬ್ಲೂಮ್ಸ್‌ಡೇ ಯಾತ್ರೆ ಮೊದಲ ಸಲ ನಡೆದದ್ದು 1954ರಲ್ಲಿ. ಕವಿ ಪ್ಯಾಟ್ರಿಕ್ ಕವನಾ, ಫ್ಲಾನ್ ಓಬ್ರಿಯನ್ ಹೆಸರಲ್ಲಿ ಬರೆಯುತ್ತಿದ್ದ ಬ್ರಯನ್ ಓನೋಲನ್, ಜಾನ್ ರಯನ್, ಆಂಥನಿ ಕ್ರೋನಿನ್ ಮತ್ತು ಇನ್ನಿಬ್ಬರು ಸೇರಿ ಕುದುರೆಗಾಡಿ ಕಟ್ಟಿಸಿಕೊಂಡು ಸ್ಯಾಂಡಿಕೋವ್‌ನಿಂದ ಹೊರಟರು. ಕಾದಂಬರಿಯ ದಾರಿಯನ್ನು ಪೂರ್ತಿ ಸುತ್ತುವ ಯೋಜನೆ ಇತ್ತು. ಕುಡಿದು ಕುಡಿದು ಬೇಲಿ ಪಬ್ಬಿನಲ್ಲೇ ಯಾತ್ರೆ ಮುಗಿಯಿತು. ಆ ದಿನದ ಫೋಟೋಗಳಲ್ಲಿ ಅವರೆಲ್ಲ ಇರುವುದು ತಮ್ಮ ದಿನನಿತ್ಯದ ಕೋಟು, ಹ್ಯಾಟಿನಲ್ಲಿ. ಗಾಡಿ ಮಾತ್ರ ಹಳೇದು. ವೇಷ ಹಾಕುವ ಪದ್ಧತಿ ಆಮೇಲೆ ಸೇರಿಕೊಂಡಿತು.

ಹೀಗೇ ಆಮೇಲೆ ಸೇರಿಕೊಂಡು ಪರಂಪರೆ ಆದದ್ದು ಇನ್ನೂ ಇದೆ. ನಾಸೌ ಸ್ಟ್ರೀಟಿನ ಅಂಗಡಿಗಳಲ್ಲಿ ಐರ್ಲೆಂಡಿನ ಆರನ್ ದ್ವೀಪಗಳ ಹೆಸರಿನ, ಹಾಲು ಬಣ್ಣದ ಆರನ್ ಸ್ವೆಟರ್ ರಾಶಿ ಬಿದ್ದಿರುತ್ತೆ. ಮನೆತನಕ್ಕೊಂದು ಹೆಣಿಗೆ ಇತ್ತು, ಮುಳುಗಿದ ಬೆಸ್ತರ ಹೆಣವನ್ನು ಅದರಿಂದ ಗುರುತು ಹಿಡಿಯುತ್ತಿದ್ದರು ಅಂತ ಪ್ರವಾಸಿಗರಿಗೆ ಕತೆ ಹೇಳುತ್ತಾರೆ. ಈಗಿನ ರೂಪದ ಸ್ವೆಟರ್ ಹುಟ್ಟಿದ್ದು ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ. ಹೆಣ ಗುರುತಿಸುವ ಮಾತಿಗೆ ಬೇರು ಐರಿಷ್ ನಾಟಕಕಾರ ಜೆ. ಎಂ. ಸಿಂಗ್ ಬರೆದ ಒಂದು ನಾಟಕ. ಅದರಲ್ಲೂ ಗುರುತು ಸಿಗುವುದು ಸ್ವೆಟರ್‌ನಿಂದಲ್ಲ, ಕಾಲುಚೀಲದಲ್ಲಿ ಬಿಟ್ಟುಹೋದ ಹೊಲಿಗೆಗಳಿಂದ. ಆ ನಾಟಕ ರಂಗ ಏರಿದ್ದೂ 1904ರಲ್ಲೇ, ಡಬ್ಲಿನ್‌ನಲ್ಲೇ. ಕತೆ ಗೊತ್ತಿದ್ದೂ ತಂಗಿ ತನ್ನ ಗಂಡನಿಗೆ ಒಂದು ಸ್ವೆಟರ್ ಕೊಂಡಳು. ಬೆಚ್ಚಗಂತೂ ಇರುತ್ತೆ.

ಮಾರನೇ ದಿನ ಇಬ್ಬರೂ ಜೀನ್ಸಿನಲ್ಲೇ ಕಾಲಿನ್ಸ್ ಬ್ಯಾರಕ್ಸ್‌ಗೆ ಹೋದೆವು. ಮೊದಲು ಸೈನಿಕರ ವಸತಿ, ಈಗ ರಾಷ್ಟ್ರೀಯ ಮ್ಯೂಸಿಯಂ. ಟಿಕೆಟ್ ಇಲ್ಲ. ಐರಿಷ್ ಜನರ 250 ವರ್ಷಗಳ ಉಡುಪು, ಒಡವೆಗಳಿಗೇ ಒಂದು ವಿಭಾಗ ಇದೆ. ಬೀದಿಯಲ್ಲಿ ನೋಡಿದ ವೇಷಕ್ಕೂ ಇಲ್ಲಿನ ಬಟ್ಟೆಗೂ ದೊಡ್ಡ ವ್ಯತ್ಯಾಸ ಗಾತ್ರ. ಆ ಕಾಲದ ನಿಲುವಂಗಿಗಳ ಸೊಂಟ ನೋಡಿ ತಂಗಿ, "ಇವರು ಉಸಿರು ಎಲ್ಲಿಂದ ಬಿಡ್ತಿದ್ರಕ್ಕಾ?" ಅಂದಳು. ಗ್ಲಾಸ್‌ತೂಲ್‌ನಲ್ಲಿ ಸ್ಕರ್ಟಿನ ಒಳಗೆ ಎಲಾಸ್ಟಿಕ್ ಇತ್ತು, ಅದಕ್ಕೇ ಎಲ್ಲರೂ ಅಷ್ಟು ನಗುನಗುತ್ತಾ ಇದ್ದರು.

ನೀವು ಹೋಗುವುದಾದರೆ ಬೆಳಗಿನ ತಿಂಡಿಯ ಕಾರ್ಯಕ್ರಮಗಳಿಗೆ ಮೊದಲೇ ಬುಕ್ ಮಾಡಿ, ಜಾಗ ಬೇಗ ತುಂಬುತ್ತೆ. ಹ್ಯಾಟಿಗೆ ದಾರ ಕಟ್ಟಿಕೊಳ್ಳಿ. ಸ್ಯಾಂಡಿಕೋವ್ ಗಾಳಿಗೆ ಒಬ್ಬರ ಹ್ಯಾಟು ಸಮುದ್ರಕ್ಕೆ ಬಿದ್ದು, ಈಜುತ್ತಿದ್ದವರೇ ಅದನ್ನು ತಲೆ ಮೇಲಿಟ್ಟುಕೊಂಡು ತಂದುಕೊಟ್ಟರು. ಸೀರೆ ಉಡುವವರು ಪಿನ್ನು ಜಾಸ್ತಿ ಇಟ್ಟುಕೊಳ್ಳಿ. ವೇಷ ಬೇಡ ಅನ್ನಿಸಿದರೆ ಮಳೆ ಜಾಕೆಟ್ಟೇ ಸಾಕು, ಅದಂತೂ ಬೇಕೇ ಬೇಕು.